ಓದದೆ ಒತ್ತಿದ ಸಾಲು

ನರಹರಿ ಗುರುಗಳ ಆಶ್ರಮದಲ್ಲಿ ಪ್ರಶ್ನೆ ಕೇಳುವ ಹಕ್ಕು ಹನ್ನೆರಡನೆಯ ವರ್ಷಕ್ಕೆ ಬರುತ್ತಿತ್ತು. ಅಲ್ಲಿಯವರೆಗೆ ಹೇಳಿದ್ದನ್ನು ಮಾಡಬೇಕು, ಅಷ್ಟೇ. ಶಿಷ್ಯ ವಾಮನನಿಗೆ ಅದು ಏಳನೆಯ ವರ್ಷ. ಅಷ್ಟು ವರ್ಷದಲ್ಲಿ ಅವನು ಒಮ್ಮೆಯೂ ಯಾಕೆ ಅಂದವನಲ್ಲ. ಇಂಥ ಶಿಷ್ಯ ಸಿಕ್ಕರೆ ಯಾವ ಗುರುವಿಗೆ ತಾನೇ ಹಿಗ್ಗಾಗುವುದಿಲ್ಲ?

ಗುರುಗಳಿಗೆ ಕಣ್ಣು ಪೂರ್ತಿ ಹೋಗಿತ್ತು. ಊರೂರಿನಿಂದ ಜನ ತಮ್ಮ ಕಷ್ಟ ಬರೆದು ಕಳಿಸುತ್ತಿದ್ದರು. ವಾಮನ ಆ ಪತ್ರಗಳನ್ನು ಓದಿ ಹೇಳುತ್ತಿದ್ದ. ಗುರುಗಳು ಹೇಳಿದ ಉತ್ತರವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದ. ಬಂದ ಪತ್ರವನ್ನೂ ಸ್ಕ್ಯಾನ್ ಮಾಡಿ ಅದರಲ್ಲೇ ಇಡುತ್ತಿದ್ದ. ನಾನೂರ ಹನ್ನೆರಡು ಜನರ ಗುಟ್ಟು ಆ ಒಂದು ಪೆಟ್ಟಿಗೆಯಲ್ಲಿತ್ತು.

ಪೆಟ್ಟಿಗೆಯನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ಮೂಲ ತಂತ್ರಾಂಶ. ಕಣ್ಣಿದ್ದ ಕಾಲದಲ್ಲಿ ಗುರುಗಳೇ ಹಾಕಿಕೊಂಡದ್ದು.

"ಈ ತಂತ್ರಾಂಶದೊಳಗೆ ಏನು ಬರೆದಿದೆ ಅಂತ ಯಾರು ಬೇಕಾದ್ರೂ ತೆರೆದು ನೋಡಬಹುದು. ಅದಕ್ಕೇ ಇದು" ಎನ್ನುತ್ತಿದ್ದರು.

ಅದಕ್ಕೆ ಎರಡು ಪಾಸ್‌ವರ್ಡ್. ಒಂದು ದಿನದ ಕೆಲಸಕ್ಕೆ. ಇನ್ನೊಂದು ಒಡೆಯನದು, ಅದನ್ನು ಕೊಟ್ಟರೆ ಯಂತ್ರ ಯಾವುದಕ್ಕೂ ಇಲ್ಲ ಅನ್ನುವುದಿಲ್ಲ. ಕಣ್ಣು ಹೋದ ವರ್ಷ ಗುರುಗಳು ಅದನ್ನು ವಾಮನನ ಕಿವಿಯಲ್ಲಿ ಹೇಳಿದ್ದರು, ಮಂತ್ರೋಪದೇಶ ಮಾಡಿದ ಹಾಗೆ.

ಒಂದು ಬೆಳಿಗ್ಗೆ ಅವರು ಕರೆದರು.

"ವಾಮನ, ನಮ್ಮ ಉತ್ತರಗಳನ್ನ ಬ್ಲಾಗಿನಲ್ಲಿ ಹಾಕೋಣ. ಪತ್ರ ಬರೆಯೋಕೂ ಧೈರ್ಯ ಇಲ್ಲದವರು ಇರ್ತಾರೆ, ಓದ್ಕೊಳ್ಳಲಿ. ಉತ್ತರ ಮಾತ್ರ. ಯಾರ ಹೆಸರೂ ಬೇಡ."

"ಆಗಲಿ ಗುರುಗಳೇ."

"ಅದನ್ನ ನಡೆಸೋ ತಂತ್ರಾಂಶ ಬೇಕಾಗುತ್ತೆ. ಹುಡುಕಿ ಹಾಕು."

"ಹಾಕ್ತೀನಿ."

ಲಿನಕ್ಸಿಗೆ ತನ್ನದೇ ಒಂದು ತಂತ್ರಾಂಶಗಳ ಉಗ್ರಾಣವಿದೆ. ಅಲ್ಲಿರುವ ಒಂದೊಂದನ್ನೂ ಬಲ್ಲವರು ನೋಡಿ, ಸಹಿ ಹಾಕಿ ಇಟ್ಟಿರುತ್ತಾರೆ. ವಾಮನ ಮೊದಲು ಅಲ್ಲೇ ಹುಡುಕಿದ. ಬ್ಲಾಗ್ ತಂತ್ರಾಂಶ ಒಂದು ಸಿಕ್ಕಿತು. ನೋಡಲು ಸಪ್ಪೆ.

ಆಮೇಲೆ ಅಂತರ್ಜಾಲದಲ್ಲಿ ಹುಡುಕಿದ. ಯಾವುದೋ ಪುಟದಲ್ಲಿ ಇನ್ನೊಂದಿತ್ತು, ಬಣ್ಣ ಬಣ್ಣದ್ದು, ಕಣ್ಣು ಕೋರೈಸುವಂಥದ್ದು. ಕೆಳಗೆ ಬರೆದಿತ್ತು: ಈ ಸಾಲನ್ನು ನಕಲು ಮಾಡಿ, ಯಂತ್ರಕ್ಕೆ ಆಜ್ಞೆ ಕೊಡುವ ಟರ್ಮಿನಲ್‌ನಲ್ಲಿ ಅಂಟಿಸಿ, ಎಂಟರ್ ಒತ್ತಿ. ನಾಲ್ಕೇ ನಿಮಿಷ.

ವಾಮನ ನಕಲು ಮಾಡಿದ, ಅಂಟಿಸಿದ, ಒತ್ತಿದ. ಯಂತ್ರ ಒಡೆಯನ ಪಾಸ್‌ವರ್ಡ್ ಕೇಳಿತು. ಕೊಟ್ಟ.

ಹೇಳಿದ ಹಾಗೆ ನಾಲ್ಕೇ ನಿಮಿಷಕ್ಕೆ ಬ್ಲಾಗ್ ಬಂತು. ಚೆನ್ನಾಗಿಯೂ ಇತ್ತು. ಅವನು ಎದ್ದು ಹೋಗಿ ನೆಮ್ಮದಿಯಾಗಿ ಊಟ ಮಾಡಿದ.

ಮಧ್ಯಾಹ್ನ ಗುರುಗಳು ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದರು. ಮಲಗಿದಲ್ಲಿಂದಲೇ ಕೂಗಿದರು.

"ವಾಮನ, ಆ ಯಂತ್ರ ಯಾಕೆ ಏದುಸಿರು ಬಿಡ್ತಿದೆ?"

ವಾಮನ ಒಳಗೆ ಹೋಗಿ ನೋಡಿದ. ಪರದೆಯ ಮೇಲೆ ಏನೂ ಇಲ್ಲ. ಪೆಟ್ಟಿಗೆಯ ಫ್ಯಾನು ಮಾತ್ರ ಗುಂಯ್ ಎಂದು ತಿರುಗುತ್ತಿತ್ತು. ಗೋಡೆಯ ಮೇಲಿನ ಮೋಡೆಮ್ಮಿನ ಹಸಿರು ದೀಪ ಒಂದೇ ಸಮನೆ ಮಿಟುಕುತ್ತಿತ್ತು.

"ಏನೋ ಮಾಡ್ತಿದೆ ಗುರುಗಳೇ."

"ನೀನು ಮಾಡಿಸ್ತಿದೀಯಾ?"

"ಇಲ್ಲ."

"ಮತ್ತೆ ಯಾರು?"

ಬೆಳಿಗ್ಗೆ ಯಾವುದೋ ಪುಟದ ಸಾಲನ್ನು ಅಂಟಿಸಿ ಒತ್ತಿದ್ದನ್ನು ವಾಮನ ಹೇಳಿದ.

ಗುರುಗಳು ಎದ್ದರು. ಗೋಡೆ ಸವರಿಕೊಂಡು ಒಳಗೆ ಬಂದರು. ಮೋಡೆಮ್ಮಿನ ತಂತಿ ಕೈಗೆ ಸಿಕ್ಕಿದ್ದೇ ತಡ, ಕಿತ್ತರು.

"ಈಗ ಓದು."

"ಏನು..." ಎಂದು ಬಾಯಿಗೆ ಬಂದ ಪ್ರಶ್ನೆಯನ್ನು ವಾಮನ ನುಂಗಿಕೊಂಡ.

"ನೀನು ಒತ್ತಿದ ಸಾಲು. ಒಂದೊಂದೇ ಪದ. ಗಟ್ಟಿಯಾಗಿ."

ವಾಮನ ಓದಿದ. ಆ ಸಾಲಿನ ಅರ್ಥ ಇಷ್ಟೇ: ಇಂಥ ಕಡೆಯಿಂದ ಒಂದು ಕಡತ ತಾ, ಒಡೆಯನ ಅಧಿಕಾರದಲ್ಲಿ ಅದು ಹೇಳಿದ್ದನ್ನೆಲ್ಲ ಮಾಡು.

"ಆ ಕಡತ ಓದು."

ಅದು ನೂರಾರು ಸಾಲು. ಮೊದಲ ಸಾಲುಗಳಲ್ಲಿ ಬ್ಲಾಗಿನ ಮಾತೇ ಇತ್ತು, ವಾಮನನಿಗೆ ಜೀವ ಬಂದ ಹಾಗಾಯಿತು. ನಲವತ್ತೊಂದನೆಯ ಸಾಲಿಗೆ ನಿಂತುಬಿಟ್ಟ.

"ಯಾಕೆ ನಿಲ್ಲಿಸಿದೆ?"

"ಇಲ್ಲಿ... ನಮ್ಮ ಕಡತಗಳನ್ನೆಲ್ಲ ಒಂದು ಗಂಟು ಕಟ್ಟು ಅಂತಿದೆ."

"ಮುಂದಿನ ಸಾಲು?"

"ಹೊರಗೆ ಕಳಿಸು ಅಂತಿದೆ."

"ಯಾರಿಗೆ?"

"ವಿಳಾಸದ ಜಾಗದಲ್ಲಿ ಬರೀ ಅಂಕಿ ಇದೆ ಗುರುಗಳೇ. ಹೆಸರಿಲ್ಲ."

ಓದಿ ಹೇಳಿದ ಒಂದೊಂದು ಪತ್ರವೂ ಅವನಿಗೆ ನೆನಪಿತ್ತು. ಮಗಳ ಸಾವಿಗೆ ತಾನೇ ಕಾರಣ ಎಂದು ಬರೆದಿದ್ದ ಮೇಷ್ಟ್ರು. ತನ್ನ ಕಾಯಿಲೆ ಮನೆಯವರಿಗೆ ಗೊತ್ತಾಗಬಾರದು ಎಂದಿದ್ದ ಮದುಮಗ.

"ಎಷ್ಟು ಹೋಗಿದೆ?"

"ತಿಳೀತಿಲ್ಲ. ಅರ್ಧ ಹೋಗಿರಬಹುದು. ಏನೂ ಹೋಗದೇನೂ ಇರಬಹುದು."

"ತಿಳಿಯದಿದ್ರೆ ಎಲ್ಲಾ ಹೋಗಿದೆ ಅಂತಲೇ ತಿಳ್ಕೊ."

ಗುರುಗಳು ನೆಲಕ್ಕೆ ಕೂತರು.

"ಯಾಕೆ ಒತ್ತಿದೆ?"

"ಒತ್ತು ಅಂತ ಬರೆದಿತ್ತು."

"ಯಾರು ಬರೆದದ್ದು?"

"ಗೊತ್ತಿಲ್ಲ. ನಾನು ಕೇಳ್ಕೊಳ್ಳಲಿಲ್ಲ."

ಬೈಗುಳ ಬರುತ್ತದೆ ಎಂದು ವಾಮನ ಕಾದ. ಬಂದಿದ್ದರೆ ಹಗುರಾಗುತ್ತಿತ್ತು.

"ಕೇಳಬೇಡ ಅಂತ ಏಳು ವರ್ಷ ಕಲಿಸಿದವನು ನಾನು" ಎಂದರು ಗುರುಗಳು. "ಹೇಳಿದ್ದನ್ನ ಮಾಡೋನು ಅಂತ ನಿನ್ನ ತೋರಿಸಿ ಮೆರೆದವನೂ ನಾನೇ. ಹನ್ನೆರಡು ವರ್ಷದ ನಿಯಮ ಇವತ್ತಿಗೆ ಮುಗೀತು. ಇನ್ನು ಕೇಳು."

ವಾಮನ ಕಿತ್ತ ತಂತಿಯನ್ನು ಸುತ್ತಿಡುತ್ತಿದ್ದಾಗ ಗುರುಗಳು ಮುಂದುವರಿಸಿದರು.

"ಎಲ್ಲರಿಗೂ ಕಾಗದ ಬರೀಬೇಕು. ನಿಮ್ಮ ಗುಟ್ಟು ನಮ್ಮ ಕೈ ಜಾರಿದೆ ಅಂತ. ಅಂಚೆ ಮುಟ್ಟೋವರೆಗೂ ಕಾಯೋಕಾಗದವರು ಯಾರಿದಾರೆ?"

ಆ ಹೆಸರು ನಲವತ್ತೊಂದನೆಯ ಸಾಲಿನಿಂದಲೇ ವಾಮನನ ಎದೆಯಲ್ಲಿ ಕೂತಿತ್ತು. ಹೇಮಲತ. ಕೊಲ್ಲುತ್ತೇನೆ ಎಂದು ಹೊರಟಿದ್ದ ಗಂಡನಿಂದ ತಪ್ಪಿಸಿಕೊಂಡು, ಮಗಳ ಜೊತೆ ಹೊಳೆಯಾಚೆಯ ಊರಿನಲ್ಲಿ ಬಟ್ಟೆ ಹೊಲಿದುಕೊಂಡಿದ್ದವಳು. ಗಂಡ ಪತ್ತೆ ಮಾಡುತ್ತಾನೆಂದು ಫೋನು ಕೂಡ ಇಟ್ಟುಕೊಂಡಿರಲಿಲ್ಲ. ಅವಳ ಪತ್ರದಲ್ಲಿ ಬೀದಿಯ ಹೆಸರಿತ್ತು. ಕೊನೆಗೆ ಬರೆದಿದ್ದಳು: ನಾನು ಎಲ್ಲಿದ್ದೀನಿ ಅಂತ ನಿಮಗೆ ಮಾತ್ರ ಗೊತ್ತು.

"ಹೋಗು" ಎಂದರು ಗುರುಗಳು. "ಹೇಳಿ ಬಾ."

"ಏನಂತ ಹೇಳಲಿ?"

ಏಳು ವರ್ಷದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ ಅದು.

"ಆದದ್ದನ್ನ."

"ತಾವೂ ಬರ್ತೀರಾ?"

"ಒತ್ತಿದವನು ಯಾರು?"

ವಾಮನ ತೆಪ್ಪದಲ್ಲಿ ಹೊಳೆ ದಾಟಿದ. ಹೋಗದೆ ಅರ್ಧಕ್ಕೇ ತಿರುಗಿಬಿಡೋಣ ಎಂದು ಎಷ್ಟು ಸಲ ಅನ್ನಿಸಿತೋ. ಏನೂ ಹೋಗಿಲ್ಲದೆಯೂ ಇರಬಹುದಲ್ಲ? ಸುಮ್ಮನೆ ಅವಳನ್ನು ಹೆದರಿಸುವುದೇಕೆ? ಹೆದರಿದವನು ತಾನು, ಅವಳಲ್ಲ ಎಂದು ಅವನಿಗೇ ಗೊತ್ತಿತ್ತು.

ಹೇಮಲತ ರವಿಕೆಗೆ ಕೊಕ್ಕೆ ಹಾಕುತ್ತಾ ಕೂತಿದ್ದಳು. ಗುರುಗಳ ಉತ್ತರ ಮುಟ್ಟಿಸಲು ಹಿಂದೊಮ್ಮೆ ಬಂದಿದ್ದ ಅವನನ್ನು ನೋಡಿ ನಕ್ಕಳು.

"ಗುರುಗಳು ಚೆನ್ನಾಗಿದಾರಾ?"

"ಅಕ್ಕಾ, ನಾನೊಂದು ತಪ್ಪು ಮಾಡಿದೀನಿ."

ಹೇಳಿದ. ಕೊಕ್ಕೆಯ ದಾರ ಕಡಿಯಲು ಹೋದವಳು ಕಡಿಯಲಿಲ್ಲ. ಹಲ್ಲಿನಲ್ಲಿ ಕಚ್ಚಿದ್ದ ದಾರ ಹಾಗೇ ಇತ್ತು.

"ಅದರಲ್ಲಿ ನನ್ನ ಹೆಸರಿತ್ತಾ?"

"ಇತ್ತು."

"ಊರು?"

"ಇತ್ತು ಅಕ್ಕಾ. ಬೀದಿನೂ."

ಅವಳು ಎದ್ದು ಬಾಗಿಲ ಚಿಲಕ ಹಾಕಿದಳು. ಕಿಟಕಿಯನ್ನೂ ಮುಚ್ಚಿದಳು.

"ಮೂರು ಸಲ ಮನೆ ಬದಲಾಯಿಸಿದೀನಿ. ಮೂರು ಸಲಾನೂ ಅವನು ಬಂದು ಬಾಗಿಲು ತಟ್ಟಿದ ಮೇಲೆ ಓಡಿದ್ದು. ಈ ಸಲ ನಾನೇ ಮೊದ್ಲು ಹೊರಡ್ತೀನಿ."

"ಮಗಳಿಗೆ ಪರೀಕ್ಷೆ ಅಂತ ಬರೆದಿದ್ರಿ..."

"ಸೋಮವಾರ ಗಣಿತ." ಅವಳು ಬಟ್ಟೆಗಳನ್ನು ಚೀಲಕ್ಕೆ ತುಂಬತೊಡಗಿದಳು. "ಆ ಒಂದಕ್ಕೇ ಅವಳು ಹೆದರ್ತಿದ್ದದ್ದು. ಈಗ ಅದೂ ಇಲ್ಲ ಬಿಡಿ."

ಮಗಳನ್ನು ಶಾಲೆಯಿಂದ ಕರೆತಂದಳು. ವಾಮನ ಹೊಲಿಗೆ ಯಂತ್ರದ ತಲೆಯನ್ನು ಗೋಣಿಚೀಲದಲ್ಲಿ ಕಟ್ಟಿ ಬಸ್‌ ನಿಲ್ದಾಣದವರೆಗೆ ಹೊತ್ತ. ದಾರಿಯಲ್ಲಿ ಎದುರಾದ ಒಬ್ಬೊಬ್ಬ ಗಂಡಸನ್ನೂ ಆ ಹುಡುಗಿ ಹೆದರಿ ನೋಡುತ್ತಿದ್ದಳು. ಅವನೂ ನೋಡುತ್ತಿದ್ದ.

"ಎಲ್ಲಿಗೆ ಹೋಗ್ತೀರಿ ಅಕ್ಕಾ?"

ಹೇಮಲತ ಅವನ ಮುಖವನ್ನು ನೇರವಾಗಿ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ.

"ನಿಮಗೆ ಹೇಳಲ್ಲ."

ಸಂಜೆ ಆಶ್ರಮಕ್ಕೆ ಬಂದಾಗ ಗುರುಗಳು ಕೇಳಿದ್ದು ಒಂದೇ.

"ಎಲ್ಲಿಗೆ ಹೋದಳು?"

"ನನಗೆ ಹೇಳಲಿಲ್ಲ."

"ಒಳ್ಳೇದಾಯ್ತು."

ಮಾರನೆಯ ದಿನದಿಂದ ವಾಮನ ಕಾಗದ ಬರೆಯಲು ಕೂತ. ನಾಯಿ ಬೊಗಳಿದರೆ ಬೆಚ್ಚುವನು. ಅಂಚೆಯವರು ಸೈಕಲ್ ನಿಲ್ಲಿಸಿದರೆ ಎದ್ದು ಬಾಗಿಲಿಗೆ ಬರುವನು. ಒಂಬತ್ತನೆಯ ದಿನ ಬೆಳಿಗ್ಗೆ ಒಬ್ಬ ಗಂಡಸು ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು. ಗುರುಗಳಿಗೆ ನಮಸ್ಕಾರ ಮಾಡಿ ಕೂತ.

"ಹೇಮಲತ ಅಂತ ನನ್ನ ಹೆಂಡತಿ, ಸ್ವಾಮೀ. ಆಶ್ರಮಕ್ಕೆ ಕಾಗದ ಬರೀತಿದ್ದಳು ಅಂತ ತಿಳೀತು."

ಗುರುಗಳು ದನಿ ಬಂದ ಕಡೆ ಮುಖ ತಿರುಗಿಸಿದರು.

"ಆಚೆ ದಡದ ಮನೆಗೆ ಹೋಗಿದ್ದೆ. ಬೀಗ ಹಾಕಿದೆ." ಅವನು ವಾಮನನ ಕಡೆ ತಿರುಗಿದ. ದನಿ ಬಹಳ ಮೆತ್ತಗಿತ್ತು. "ಈಗ ಎಲ್ಲಿದಾಳೆ?"

"ಗೊತ್ತಿಲ್ಲ."

"ಗೊತ್ತಿಲ್ವೋ, ಹೇಳಲ್ವೋ?"

ಅವನು ವಾಮನನ ಕಣ್ಣನ್ನೇ ನೋಡುತ್ತಾ ಕೂತ. ಗೊತ್ತಿದ್ದಿದ್ದರೆ ಆ ನೋಟಕ್ಕೆ ತನ್ನ ಮುಖವೇ ಎಲ್ಲ ಹೇಳಿಬಿಡುತ್ತಿತ್ತು ಎಂದು ವಾಮನನಿಗೆ ಅನ್ನಿಸಿತು. ತನ್ನನ್ನು ನಂಬದೆ ಹೋದ ಆ ಹೆಂಗಸಿಗೆ ಮನಸ್ಸಿನಲ್ಲೇ ಅಡ್ಡಬಿದ್ದ.

"ನಿಜವಾಗ್ಲೂ ಗೊತ್ತಿಲ್ಲ."

ಅವನು ಹಣ್ಣು ಇಟ್ಟು ಎದ್ದು ಹೋದ.

"ಗುರುಗಳೇ, ಇವನು ಬಂದದ್ದು ನಾನು ಒತ್ತಿದ ಸಾಲಿನಿಂದಲಾ?"

"ಇರಬಹುದು. ಅವನಷ್ಟಕ್ಕೆ ಅವನೇ ಹುಡುಕಿರಲೂಬಹುದು."

"ತಿಳಿಯೋದು ಹೇಗೆ?"

"ತಿಳಿಯಲ್ಲ. ಅದನ್ನ ಹೊತ್ಕೊಂಡೇ ಇರಬೇಕು ನೀನು. ನಾನೂ."

ಬಾಳೆಹಣ್ಣನ್ನು ಹಸುವಿಗೂ ಕೊಡಲು ಮನಸ್ಸಾಗದೆ ವಾಮನ ತಿಪ್ಪೆಗೆ ಹಾಕಿ ಬಂದ.

ಕಾಗದಗಳೆಲ್ಲ ಮುಗಿಯುವ ಹೊತ್ತಿಗೆ ಎರಡು ತಿಂಗಳಾಯಿತು. ಕೆಲವರು ಬೈದು ಬರೆದರು. ಹೆಚ್ಚಿನವರು ಬರೆಯುವುದನ್ನೇ ಬಿಟ್ಟರು. ಕೊನೆಯ ಕಾಗದ ಅಂಚೆಗೆ ಹೋದ ದಿನ ಗುರುಗಳು ಕೇಳಿದರು.

"ಬ್ಲಾಗ್ ಏನಾಯ್ತು?"

ವಾಮನ ಅವರ ಕಾಲು ಹಿಡಿದ.

"ಬೇಡ ಗುರುಗಳೇ. ನನ್ನನ್ನ ಕೊಟ್ಟಿಗೆ ಕೆಲಸಕ್ಕೆ ಹಾಕಿ. ಆ ಯಂತ್ರ ನಾನು ಮುಟ್ಟಲ್ಲ."

"ಬರೆಯೋಕೆ ಧೈರ್ಯ ಇಲ್ಲದವರು ಈಗ ಇನ್ನೂ ಜಾಸ್ತಿಯಾದರು. ನಮ್ಮಿಂದಲೇ. ಅವರಿಗೆ ಯಾರು ಉತ್ತರ ಹೇಳ್ತಾರೆ?"

"ಬೇರೆ ಯಾರಾದ್ರೂ ಹಾಕಲಿ."

"ಬೇರೆಯವರು ನೀನು ಒತ್ತಿದ ಹಾಗೇ ಒತ್ತುತ್ತಾರೆ. ನೀನೇ ಹಾಕು."

ಹೆಸರಿಲ್ಲದ ಉತ್ತರಗಳನ್ನು ಮಾತ್ರ ಬೇರೆ ತೆಗೆದಿಟ್ಟು, ಯಂತ್ರದಲ್ಲಿದ್ದದ್ದನ್ನೆಲ್ಲ ಅಳಿಸಿ ಲಿನಕ್ಸನ್ನು ಹೊಸದಾಗಿ ಹಾಕಿದರು. ಜನ ಬರೆದ ಮೂಲ ಪತ್ರಗಳು ಟ್ರಂಕಿಗೆ ಹೋದವು, ಟ್ರಂಕು ಗುರುಗಳ ಮಂಚದ ಕೆಳಗೆ. ಯಂತ್ರದಲ್ಲಿ ಯಾರ ಹೆಸರೂ ಇಲ್ಲ ಎಂಬುದನ್ನು ವಾಮನ ಮೂರು ಸಲ ನೋಡಿದ.

ಈ ಸಲ ಉಗ್ರಾಣದಲ್ಲಿದ್ದ ಆ ಸಪ್ಪೆ ತಂತ್ರಾಂಶವನ್ನೇ ಆರಿಸಿದ. ಗುರುಗಳು ಪಕ್ಕದಲ್ಲಿ ಕೂತರು. ವಾಮನ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಬೇಕು. ಅರ್ಥವಾಗದ ಪದ ಬಂದರೆ ಆ ದಿನದ ಕೆಲಸ ಅಲ್ಲಿಗೇ ಮುಗಿಯಿತು. ಅರ್ಥ ಹುಡುಕಿಕೊಂಡು ಮರುದಿನ ಕೂರಬೇಕು. ಮೊದಲ ಸಲ ನಾಲ್ಕು ನಿಮಿಷದಲ್ಲಿ ಮುಗಿದ ಕೆಲಸಕ್ಕೆ ಈಗ ಹನ್ನೊಂದು ದಿನ ಹಿಡಿಯಿತು.

ಹನ್ನೊಂದನೆಯ ದಿನ ಓದುವುದಕ್ಕೆ ಏನೂ ಉಳಿಯಲಿಲ್ಲ.

"ಯಾರು ಮಾಡಿದ್ದು?" ಎಂದರು ಗುರುಗಳು.

ವಾಮನ ಹೇಳಿದ.

"ಸಹಿ?"

"ತಾಳೆ ನೋಡಿದೆ. ಸರಿಯಿದೆ."

"ಏನೇನು ಮಾಡ್ತೀನಿ ಅಂತಿದೆ?"

ಅದನ್ನೂ ಹೇಳಿದ.

"ಮತ್ತಿನ್ನೇನು?"

"ಒಡೆಯನ ಪಾಸ್‌ವರ್ಡ್ ಕೇಳ್ತಿದೆ."

"ಕೊಡು."

ವಾಮನ ಕೀಲಿಮಣೆಯ ಮೇಲೆ ಕೈ ಇಟ್ಟ. ತೆಗೆದ. ಪಂಚೆಗೆ ಒರೆಸಿಕೊಂಡು ಮತ್ತೆ ಇಟ್ಟ.

"ಎಲ್ಲಾ ನೋಡಿದೀನಿ ಗುರುಗಳೇ. ಎಲ್ಲೂ ತಪ್ಪಿಲ್ಲ. ಆದ್ರೂ ಕೈ ನಡುಗ್ತಿದೆ."

"ನಡುಗಲಿ ಬಿಡು. ಆವತ್ತು ನಡುಗಲಿಲ್ಲವಲ್ಲ."