ಪೆಟ್ಟಿಗೆಯೊಳಗಿನ ಹಿಮ

"ಗುರುಗಳೇ, ನನ್ನ ಗೆಳೆಯ ಹಾಸಿಗೆ ಹಿಡಿದಿದ್ದಾನೆ. ಮಾತು ನಿಂತುಹೋಗಿದೆ. ವೈದ್ಯರು ತಾವು ಮಾಡಬೇಕಾದದ್ದನ್ನು ಮಾಡುತ್ತಿದ್ದಾರೆ. ನಾನು ದಿನವೂ ಹೋಗಿ ಅವನ ಪಕ್ಕದಲ್ಲಿ ಸುಮ್ಮನೆ ಕೂರುತ್ತೇನೆ. ಏನೂ ಮಾಡಲಾಗದವನು ಹಾಗೆ ಕೂತು ಏನು ಬಂತು?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಬಿಸಿಲ ನಾಡಿನ ಒಂದು ಊರಿನಲ್ಲಿ ಒಬ್ಬ ವಿಜ್ಞಾನಿಯಿದ್ದ. ದೂರದ ಬೆಟ್ಟಗಳಲ್ಲಿ ಹಿಮ ಕುಸಿದು ಜನ ಹೂತುಹೋದ ಸುದ್ದಿ ಓದಿದಾಗಲೆಲ್ಲ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಹೂತುಹೋದವರನ್ನು ಚಳಿಗಿಂತ ಮೊದಲು ಅವರ ಉಸಿರೇ ಕೊಲ್ಲುತ್ತದೆ. ಬಿಟ್ಟ ಉಸಿರನ್ನೇ ಮತ್ತೆ ಮತ್ತೆ ಎಳೆದುಕೊಂಡು ಸೋಲುತ್ತಾರೆ. ಹಾಗೆ ಎಷ್ಟು ಹೊತ್ತು ಜೀವ ಹಿಡಿದಿರಬಹುದು ಎಂಬುದನ್ನು ಅವನು ಕಂಡುಹಿಡಿಯಬೇಕಿತ್ತು. ಅವನು ಹೇಳಿದಷ್ಟು ಹೊತ್ತು ಬೆಟ್ಟದವರು ಅಗೆಯುತ್ತಾರೆ. ಕಡಿಮೆ ಹೇಳಿದರೆ ಬದುಕಿದ್ದವನನ್ನೇ ಬಿಟ್ಟು ಬರುತ್ತಾರೆ.

ಬಿಸಿಲ ನಾಡಿಗೆ ಹಿಮ ಎಲ್ಲಿಂದ ಬರಬೇಕು? ಪ್ರಯೋಗಾಲಯದಲ್ಲಿ ಅವನೇ ಮಾಡಿದ. ಕಾವಿಗೆ ಮಂಡಕ್ಕಿಯ ಹಾಗೆ ಅರಳುವ ಒಂದು ಬಗೆಯ ಕಲ್ಲಿದೆ. ಅದರ ಬಿಳಿ ಹರಳನ್ನು ಜರಡಿ ಹಿಡಿದು, ನೀರು ಚಿಮುಕಿಸಿ, ನಿಜವಾದ ಹಿಮದಲ್ಲಿ ಗಾಳಿ ಆಡುವಷ್ಟೇ ಇದರಲ್ಲೂ ಆಡುವಂತೆ ಹದ ಮಾಡಿದ. ಬೇರೆಯವರನ್ನು ಹೂಳಲು ಮನಸ್ಸು ಬರಲಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ತಾನೇ ಮಲಗಿ ಅದನ್ನು ಮೈಮೇಲೆ ಸುರಿಸಿಕೊಂಡ.

ಗಂಡನನ್ನು ಹೂತು ಮನೆಯಲ್ಲಿ ಕೂರಲು ಯಾವ ಹೆಂಡತಿ ಒಪ್ಪುತ್ತಾಳೆ? ಅವಳೂ ಬಂದಳು. ಅವನ ಬೆರಳಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಬಳೆಗೆ ಗಂಟು ಹಾಕಿಕೊಂಡಳು. ಮಡಿಲ ತುಂಬ ಶೇಂಗಾ ಹಾಕಿಕೊಂಡು ಪೆಟ್ಟಿಗೆಯ ಪಕ್ಕ ಕೂತಳು. ಆಗಾಗ ಪೆಟ್ಟಿಗೆ ತಟ್ಟಿ, "ಅದೀರೇನ್ರಿ?" ಎನ್ನುವಳು. ಅವನು ದಾರ ಎಳೆಯುವನು. ಅವಳು ಮತ್ತೆ ಶೇಂಗಾ ಸುಲಿಯುವಳು.

ವಿಜ್ಞಾನಿಗೆ ಇದು ಸರಿಬರಲಿಲ್ಲ. ಅವನಿಗೆ ಪ್ರಯೋಗವೆಂದರೆ ಮಡಿ. ಅಲ್ಲಿ ಶೇಂಗಾ ಸಿಪ್ಪೆ ಬೀಳಬಾರದು. ಹೆಂಡತಿಯನ್ನು ಮನೆಗೆ ಕಳಿಸಿ, ಗಾಳಿ ಕೆಟ್ಟಾಗ ತಾನಾಗಿ ಬಡಿದುಕೊಳ್ಳುವ ಗಂಟೆಯೊಂದನ್ನು ಇಟ್ಟ. ಅದು ಬಡಿದುಕೊಂಡರೆ ಪಕ್ಕದ ಕೋಣೆಯವರು ಓಡಿಬಂದು ಮೇಲೆತ್ತಬೇಕು.

ಗಂಟೆ ಬಹಳ ಬೇಗ ಬಡಿದುಕೊಂಡಿತು. ಹಿಂದಿನ ಸಲದ ಅರ್ಧ ಹೊತ್ತೂ ಅವನು ತಾಳಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಹಿಮವನ್ನು ಬೈದ. ಹರಳು ಬದಲಿಸಿದ, ಮತ್ತೆ ಜರಡಿ ಹಿಡಿದ, ನೀರಿನ ಹದ ನೋಡಿದ. ಹಿಮದ ತಪ್ಪೇನೂ ಇರಲಿಲ್ಲ. ಮತ್ತೆ ಮಲಗಿದ. ಮತ್ತೆ ಉಸಿರು ಓಡಿತು, ಮತ್ತೆ ಗಾಳಿ ಕೆಟ್ಟಿತು. ಬದಲಾದದ್ದು ಒಂದೇ ಎಂದು ಕೊನೆಗೆ ಹೊಳೆಯಿತು. ಮನೆಗೆ ಹೋಗಿ ಹೆಂಡತಿಯನ್ನು ಕರೆತಂದ.

ಅಂದು ಪೆಟ್ಟಿಗೆಯೊಳಗೆ ಅವನ ಉಸಿರು ತಾನಾಗಿ ನಿಧಾನವಾಯಿತು. ಅಷ್ಟೇ ಗಾಳಿ ಎರಡರಷ್ಟು ಹೊತ್ತು ಬಂತು.

ಎದ್ದವನು ಮೈ ಕೊಡವುತ್ತ ಕೇಳಿದ: "ನಾ ಒಳಗಿದ್ದಾಗ ನೀ ಏನ್ ಮಾಡ್ದಿ?"

"ಏನಿಲ್ರಿ. ಶೇಂಗಾ ಸುಲಕೋತ ಕುಂತಿದ್ದೆ."

ವಿಜ್ಞಾನಿಯ ಕಣ್ಣು ತುಂಬಿಬಂತು. ಬೆಟ್ಟದವರಿಗೆ ಅವನು ಹೀಗೆ ಹೇಳಿ ಕಳಿಸಿದ: ಅಗೆಯುವುದನ್ನು ಬೇಗ ಬಿಡಬೇಡಿ. ಎಲ್ಲರೂ ಗುದ್ದಲಿಯನ್ನೇ ಹಿಡಿಯಬೇಡಿ. ಒಬ್ಬರು ಪಕ್ಕದಲ್ಲಿ ಕೂತು ಮಾತಾಡುತ್ತಲೇ ಇರಿ. ಒಳಗಿನವನ ದನಿ ನಿಮಗೆ ಕೇಳದಿದ್ದರೂ ನಿಮ್ಮ ದನಿ ಅವನಿಗೆ ಕೇಳೀತು.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕಣ್ಣೊರೆಸಿಕೊಂಡು, "ಎಷ್ಟು ಚೆನ್ನಾಗಿದೆ ಗುರುಗಳೇ! ಇನ್ನೊಂದು ಕತೆ ಹೇಳಿ" ಎಂದ.

ಗುರು ಅವನ ತಲೆ ಸವರಿ ಕೇಳಿದರು: "ನೀನು ಇಲ್ಲಿ ಕತೆ ಕೇಳುತ್ತ ಕೂತಿದ್ದೀಯಲ್ಲ, ಅಲ್ಲಿ ಅವನ ಪಕ್ಕದಲ್ಲಿ ಈಗ ಯಾರಿದ್ದಾರೆ?"