ಕೊಬ್ಬರಸನ ಹೊಟ್ಟೆಯೊಳಗಿನ ಗಡ್ಡೆ

ಹತ್ತಿರ ಬನ್ನಿ ಮಕ್ಕಳೇ, ಕೂತ್ಕೊಳ್ಳಿ. ಜಿಡ್ಡೂರು ಅಂತ ಒಂದು ರಾಜ್ಯ. ಅಲ್ಲೊಬ್ಬ ಅರಸ. ಹೆತ್ತವರು ಇಟ್ಟ ಹೆಸರು ವೀರಭೂಪಾಲ. ಎದುರಿಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಬೆನ್ನು ತಿರುಗಿಸಿದರೆ ಕೊಬ್ಬರಸ ಅನ್ನುತ್ತಿದ್ದರು. ಯುದ್ಧಭೂಮಿ ಅವನು ಕಂಡವನಲ್ಲ. ಊಟದ ಎಲೆಯ ಮುಂದೆ ಮಾತ್ರ ಸೋತವನೂ ಅಲ್ಲ.

ಈ ಅರಸನ ಹೊಟ್ಟೆಯೊಳಗೆ ಒಂದು ಜೀವಕಣ ಇತ್ತು. ಕಣ್ಣಿಗೆ ಕಾಣದಷ್ಟು ಸಣ್ಣದು. ಮೈಯೊಳಗಿನ ಎಲ್ಲ ಕಣಗಳಿಗೂ ಒಂದೇ ಕಟ್ಟಳೆ. ನಿನ್ನ ಕೆಲಸ ಮಾಡು, ನಿನ್ನ ಪಾಲು ತಿನ್ನು, ಹೊತ್ತು ಬಂದಾಗ ಜಾಗ ಬಿಡು. ಈ ಕಣಕ್ಕೆ ಒಂದು ದಿನ ಜ್ಞಾನೋದಯವಾಯಿತು. ಕೆಲಸ ಉಳಿದವರು ಮಾಡಲಿ, ಸಾಯುವುದನ್ನೂ ಅವರೇ ಮಾಡಲಿ, ತಿನ್ನುವುದನ್ನು ಮಾತ್ರ ನಾನು ನೋಡಿಕೊಳ್ಳುತ್ತೇನೆ ಅಂದುಕೊಂಡಿತು. ಒಂದು ಎರಡಾಯಿತು, ಎರಡು ನಾಲ್ಕಾಯಿತು, ಹಾಗೇ ಬೆಳೆದು ಗಡ್ಡೆಯಾಯಿತು. ಹುಟ್ಟಿದ ಪ್ರತಿ ಮರಿಕಣಕ್ಕೂ ಸುತ್ತ ಒಂದು ಗೋಡೆ ಬೇಕು. ಮೈಯೊಳಗೆ ಗೋಡೆ ಕಟ್ಟುವುದು ಮಣ್ಣಿನಿಂದಲ್ಲ, ಕೊಬ್ಬಿನಿಂದ. ಅದಕ್ಕೇ ಗಡ್ಡೆಗೆ ಕೊಬ್ಬು ಎಷ್ಟಿದ್ದರೂ ಸಾಲದು.

ಹೊಟ್ಟೆ ಉಬ್ಬಿತು. ಆಸ್ಥಾನದವರಿಗೆ ಹಬ್ಬ. ಮಂತ್ರಿ ಅದು ರಾಜ್ಯದ ಸಮೃದ್ಧಿಯ ಗುರುತು ಅಂದ. ಕವಿಗಳು ಮೇರು ಪರ್ವತ ಅಂತ ಪದ್ಯ ಕಟ್ಟಿದರು. ಅರಸನೂ ಸವರಿಕೊಂಡು ಬೀಗಿದ. ಅರಮನೆ ತುಂಬ ಹೊಟ್ಟೆ ಹೊಗಳುವವರೇ. ಮುಖ ನೋಡಿದವಳು ರಾಣಿ ಗುಣಾಂಬೆ ಒಬ್ಬಳೇ. ಗಂಡನ ಕೆನ್ನೆ ಬಿಳಿಚಿದೆ, ತೋಳು ಸೊರಗಿದೆ. ಅವಳು ವೈದ್ಯ ಮಾಚಯ್ಯನವರನ್ನು ಕರೆಸಿದಳು.

ಮಾಚಯ್ಯ ಹೊಟ್ಟೆ ಒತ್ತಿ ನೋಡಿದರು. ಒಳಗಿನಿಂದ ದನಿ ಬಂತು. "ಕೈ ತೆಗಿ. ಇದು ನನ್ನ ಮನೆ."

ಎಲ್ಲರೂ ಬೆಚ್ಚಿದರು. ಮಂತ್ರಿ ಮಾತ್ರ ಯಾವುದಕ್ಕೂ ಇರಲಿ ಅಂತ ಹೊಟ್ಟೆಗೂ ಒಂದು ನಮಸ್ಕಾರ ಹಾಕಿದ.

ಗಡ್ಡೆಗೆ ಸಿಹಿ ಇಷ್ಟ ಅಂತ ಮಾಚಯ್ಯ ಮೊದಲು ಬೆಲ್ಲ, ಜೇನು, ಅನ್ನ ನಿಲ್ಲಿಸಿದರು. ಅರಸ ಹೋಳಿಗೆ ನೆನೆಸಿಕೊಂಡು ಅತ್ತ. ಸ್ವಲ್ಪ ದಿನ ಬಿಟ್ಟು ಒತ್ತಿ ನೋಡಿದರೆ ಗಡ್ಡೆ ಇನ್ನೂ ದಪ್ಪ. ಬೆಲ್ಲ ಇಲ್ಲದಿದ್ದರೇನು, ತುಪ್ಪ ಉರಿಸಿಕೊಂಡೆ, ನನ್ನ ಒಲೆಗೆ ಎರಡೂ ಆಗುತ್ತದೆ ಅಂತ ಅದು ನಕ್ಕಿತು.

ಮಾಚಯ್ಯ ಅನ್ನ ಕೊಟ್ಟು, ತುಪ್ಪ, ಬೆಣ್ಣೆ, ಎಣ್ಣೆ ನಿಲ್ಲಿಸಿದರು. ಅರಸ ಒಗ್ಗರಣೆ ನೆನೆಸಿಕೊಂಡು ಅತ್ತ. ಗಡ್ಡೆ ಇನ್ನೂ ದಪ್ಪ. ಅನ್ನದ ಸಕ್ಕರೆಯಿಂದಲೇ ಕೊಬ್ಬು ಮಾಡಿಕೊಳ್ಳುವ ವಿದ್ಯೆ ನನಗಿದೆ, ನಿಮ್ಮ ಅಡುಗೆಮನೆ ಯಾರಿಗೆ ಬೇಕು ಅಂತ ಹೀಯಾಳಿಸಿತು.

ಮೂರನೆಯ ಸಲ ಎರಡನ್ನೂ ನಿಲ್ಲಿಸಿದರು. ಬರೀ ಸೊಪ್ಪಿನ ನೀರು. ಈ ಸಲ ಅಳಲಿಕ್ಕೂ ಅರಸನಿಗೆ ಶಕ್ತಿ ಇರಲಿಲ್ಲ. ಗಡ್ಡೆ ಅವನ ಸೊಂಟದ ಕೊಬ್ಬು ಕರಗಿಸಿತು, ತೊಡೆಯದು ಕರಗಿಸಿತು, ಕೆನ್ನೆಯದು ಕರಗಿಸಿತು. "ಅರಸನೇ ನನ್ನ ಉಗ್ರಾಣ," ಅಂದಿತು.

ಮಾಚಯ್ಯ ರಾಣಿಯನ್ನು ತೋಟಕ್ಕೆ ಕರೆದುಕೊಂಡು ಹೋಗಿ, ಹೀಗೇ ಆದರೆ ಗಡ್ಡೆಗಿಂತ ಮೊದಲು ಅರಸರು ಹೋಗುತ್ತಾರೆ ಅಂದರು. ಗುಣಾಂಬೆ ಕಣ್ಣೊರೆಸಿಕೊಂಡು ಕೇಳಿದಳು. "ಆ ಗಡ್ಡೆ ಯಾವತ್ತಾದರೂ ಇದು ಬೇಡ ಅಂದದ್ದಿದೆಯಾ, ವೈದ್ಯರೇ?"

ಮಾಚಯ್ಯ ಯೋಚಿಸಿದರು. ಬೇರೆ ಅಂಗಗಳು ಬೇಕಾದಷ್ಟು ತೆಗೆದುಕೊಂಡು ಉಳಿದದ್ದು ಬಿಡುತ್ತವೆ. ಇದು ಮಾತ್ರ ಏನು ಅಂತ ನೋಡದೆ ಬಾಚಿಕೊಂಡು ತನ್ನೊಳಗಿನ ಗಡಿಗೆಗಳಲ್ಲಿ ತುಂಬಿಡುತ್ತದೆ.

"ಹಾಗಾದರೆ ಕಸಿದುಕೊಂಡದ್ದು ಸಾಕು. ಇನ್ನು ಕೊಡೋಣ," ಅಂದಳು ರಾಣಿ.

ಮಾಚಯ್ಯನವರಿಗೆ ಹೊಳೆಯಿತು. ಅಗಸೆ ಎಣ್ಣೆ ಬೇಗ ಕೆಡುವ ಎಣ್ಣೆ. ಕಬ್ಬಿಣ ಸೋಕಿದರಂತೂ ಇನ್ನೂ ಬೇಗ.

ರಾಣಿ ಹೊಟ್ಟೆಯ ಮುಂದೆ ಕೈಮುಗಿದು ನಿಂತಳು. "ಸ್ವಾಮಿ, ನಾವು ಸೋತೆವು. ಇವತ್ತಿನಿಂದ ನಿಮಗೆ ಎಣ್ಣೆಯ ನೈವೇದ್ಯ. ಗುಂಡಿಗೆಗೂ ಪಿತ್ತಕೋಶಕ್ಕೂ ಸ್ವಲ್ಪ ಬಿಡುತ್ತೀರಾ?"

"ಒಂದು ತೊಟ್ಟೂ ಇಲ್ಲ."

"ಯಾವ ಎಣ್ಣೆ ಅಂತಲಾದರೂ ಕೇಳಿ."

"ಎಣ್ಣೆ ಅಂದಮೇಲೆ ಎಣ್ಣೆ. ಸುರಿ."

ಸುರಿದರು. ಅರಸನಿಗೆ ಜೀವ ಹಿಡಿಯಲು ಗಂಜಿ, ಗಂಜಿಯ ಜೊತೆ ಅಗಸೆ ಎಣ್ಣೆ. ಗಡ್ಡೆ ಗೋಡೆಗೆಲ್ಲ ಅದನ್ನೇ ಮೆತ್ತಿತು, ಗಡಿಗೆಗೆಲ್ಲ ಅದನ್ನೇ ತುಂಬಿತು. ಆಮೇಲೆ ಮಾಚಯ್ಯ ಕಬ್ಬಿಣದ ಭಸ್ಮ ಕೊಟ್ಟರು. ಅದನ್ನೂ ಗಡ್ಡೆ ಉಳಿದ ಅಂಗಗಳ ಬಾಯಿಂದ ಕಿತ್ತುಕೊಂಡಿತು.

ಎಣ್ಣೆ ಕಮಟು ಹಿಡಿಯಿತು. ಬೇರೆ ಅಂಗಗಳಲ್ಲಿ ಇದ್ದದ್ದೇ ಸ್ವಲ್ಪ, ಕೆಟ್ಟದ್ದನ್ನು ಒರೆಸಿ ತೆಗೆಯುವ ಆಳುಗಳೂ ಇದ್ದರು. ಗಡ್ಡೆಯ ಮನೆಯಲ್ಲಿ ರಾಶಿ ರಾಶಿ ಎಣ್ಣೆ, ಒರೆಸಲು ಕೈ ಸಾಲದು. ಕಮಟು ಎಣ್ಣೆ ಮೆತ್ತಿದ ಒಂದು ಗೋಡೆ ಸೀಳಿತು. ಇನ್ನೊಂದು ಸೀಳಿತು. ಸಾಲು ಸಾಲಾಗಿ ಸೀಳತೊಡಗಿದವು. ಸ್ವಲ್ಪ ಎಣ್ಣೆ ನೀವೂ ತೆಗೆದುಕೊಳ್ಳಿ ಅಂತ ಗಡ್ಡೆ ನೆರೆಯವರನ್ನು ಬೇಡಿಕೊಂಡಿತು. ಅಂಥ ಔದಾರ್ಯ ಅದಕ್ಕೆ ಹುಟ್ಟಿದ್ದು ಅದೇ ಮೊದಲು, ಅದೇ ಕೊನೆ. ಯಾರೂ ತೆಗೆದುಕೊಳ್ಳಲಿಲ್ಲ. ದನಿ ಸಣ್ಣದಾಗುತ್ತ ಹೋಗಿ ನಿಂತಿತು. ಗಡ್ಡೆಯ ಮೇಲೆ ನನಗೆ ಮೊದಲಿನಿಂದಲೂ ಅನುಮಾನ ಇತ್ತು ಅಂತ ಮಂತ್ರಿ ಬಾಗಿಲ ಆಚೆಯಿಂದ ಹೇಳಿ ಕಳಿಸಿದ.

ಅರಸ ಕಡ್ಡಿಯಂತಾಗಿದ್ದ, ಆದರೆ ಬದುಕಿದ್ದ. ಗುಣಾಂಬೆ ಬಿಸಿ ಗಂಜಿ ತಂದುಕೊಟ್ಟಳು. ಬಟ್ಟಲು ತುಟಿಯ ತನಕ ಎತ್ತಿದವನು ತಡೆದು, "ನೀನು ಉಂಡೆಯಾ?" ಅಂದ. ಮದುವೆಯಾದಾಗಿನಿಂದ ಅವನು ಅವಳನ್ನು ಆ ಮಾತು ಕೇಳಿದ್ದೇ ಇರಲಿಲ್ಲ. ರಾಣಿ ಇನ್ನೊಂದು ಬಟ್ಟಲು ತಂದು ಪಕ್ಕದಲ್ಲಿ ಕೂತಳು.

ಇದು ಕಥೆಯ ಮದ್ದು ಮಕ್ಕಳೇ. ನಿಮ್ಮ ಮನೆಯಲ್ಲಿ ಯಾರಿಗಾದರೂ ಗಡ್ಡೆ ಇದ್ದು, ಅದು ಹೀಗೆ ಮಾತಾಡದಿದ್ದರೆ, ಅಗಸೆ ಎಣ್ಣೆ ಹುಡುಕುತ್ತ ಕೂರದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ನೀತಿ ಮಾತ್ರ ಮನೆಗೆ ತೆಗೆದುಕೊಂಡು ಹೋಗಬಹುದು. ಎಲ್ಲರ ಪಾಲನ್ನೂ ನೋಡದೆ ಬಾಚಿಕೊಳ್ಳುವವನು ತನ್ನ ವಿಷವನ್ನೂ ತಾನೇ ಬಾಚಿಕೊಳ್ಳುತ್ತಾನೆ. ಅವನನ್ನು ಕೊಲ್ಲಲು ಕತ್ತಿ ಬೇಡ, ಅವನು ಕೇಳಿದ್ದನ್ನು ಕೊಟ್ಟರೆ ಸಾಕು.