ಬೋರಣ್ಣನ ನಾಲ್ಕನೇ ಪಂದ್ಯ

ಒಂದು ಗುಡ್ಡ. ಗುಡ್ಡದ ನೆತ್ತಿಯ ಮೇಲೆ ಒಂದು ಕೊಳ. ಕೊಳದ ಸುತ್ತ ಕಾಡು. ಆ ಕಾಡಿನ ಒಂದು ಬಂಡೆಯ ಕೆಳಗೆ, ಬಿಲದಲ್ಲಿ, ಬೋರಣ್ಣ ಎಂಬ ಮುಳ್ಳುಹಂದಿ ತನ್ನ ಹೆಂಡತಿ ಸಣ್ಣಮ್ಮನ ಜೊತೆ ವಾಸವಾಗಿದ್ದ.

ಬೋರಣ್ಣ ಒಳ್ಳೆಯವನು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮಕ್ಕಳೇ. ಮುಂದೆ ಹೇಳುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರುವುದಿಲ್ಲ.

ಆ ಕಾಡಿನಲ್ಲಿ ವರ್ಷಕ್ಕೊಮ್ಮೆ, ಮಾಗಿಯ ಚಳಿ ಇಳಿದ ಮೇಲೆ, ಒಂದು ಪಂದ್ಯ ನಡೆಯುತ್ತಿತ್ತು. ಅದರ ಹೆಸರು 'ಈಜು-ಜಾರು-ಓಡು'. ಮೊದಲು ಕೊಳವನ್ನು ಈ ದಡದಿಂದ ಆ ದಡಕ್ಕೆ ಈಜಬೇಕು. ಆಮೇಲೆ ಒಂದು ತಾಳೆಗರಿಯ ಮೇಲೆ ಕುಳಿತು, ಅದರ ದಂಟನ್ನು ಹಿಡಿದುಕೊಂಡು, ಹುಲ್ಲಿನ ಇಳಿಜಾರಿನಲ್ಲಿ ಗುಡ್ಡದ ಬುಡದವರೆಗೆ ಜಾರಬೇಕು. ಅಲ್ಲಿಂದ ಬಯಲು ದಾಟಿ ದೊಡ್ಡ ಆಲದ ಮರದವರೆಗೆ ಓಡಬೇಕು.

ಮೊದಲು ಬಂದವರಿಗೆ ಬಹುಮಾನವೇನೂ ಇರಲಿಲ್ಲ. ಮೊದಲು ಬರುವುದು ಹೇಗೂ ಯಾವುದಾದರೂ ನೀರುನಾಯಿಯೇ. ಅದನ್ನು ಯಾರೂ ನೆನಪಿಡುತ್ತಿರಲಿಲ್ಲ. ಎಲ್ಲರಿಗೂ ಬೇಕಾಗಿದ್ದದ್ದು ಬೇರೆ.

ಆಲದ ಮರದ ಪಕ್ಕದಲ್ಲಿ ಒಂದು ನೆಟ್ಟ ಕಲ್ಲಿತ್ತು. ಅದರಿಂದ ಸ್ವಲ್ಪ ದೂರದಲ್ಲಿ ಒಂದು ಹುತ್ತ. ಹೊತ್ತು ಏರಿದಂತೆ ಕಲ್ಲಿನ ನೆರಳು ಹುತ್ತದ ಕಡೆಗೆ ಸರಿಯುತ್ತಿತ್ತು. ಆ ನೆರಳು ಹುತ್ತವನ್ನು ಮುಟ್ಟುವುದರೊಳಗೆ ಬಂದವರ ಹೆಸರನ್ನು ಮುಸುವಜ್ಜಿ, ಅಂದರೆ ಕಪ್ಪು ಮೋರೆಯ ಮುದಿ ಕೋತಿ, ತುದಿಕೊಂಬೆಯಿಂದ ಮೂರು ಸಲ ಕೂಗುತ್ತಿದ್ದಳು. ಪ್ರತಿ ಕೂಗಿಗೂ ಕಾಡೆಲ್ಲ "ಓಯ್!" ಎನ್ನುತ್ತಿತ್ತು. ಅಷ್ಟೇ.

ಆ ಅಷ್ಟಕ್ಕಾಗಿ ಬೋರಣ್ಣ ಮೂರು ವರ್ಷ ಓಡಿದ್ದ. ಮೂರು ವರ್ಷವೂ ಅವನು ಬರುವ ಹೊತ್ತಿಗೆ ನೆರಳು ಹುತ್ತವನ್ನು ಹತ್ತಿ ಆ ಕಡೆಗೆ ಇಳಿದಿರುತ್ತಿತ್ತು. ಮುಸುವಜ್ಜಿ ಬೆನ್ನು ತಿರುಗಿಸಿ ಚಿಗುರು ತಿನ್ನುತ್ತಿದ್ದಳು.

ಪಂದ್ಯಕ್ಕೆ ಒಂದು ಕಟ್ಟಳೆಯೂ ಇತ್ತು. ಸತತ ನಾಲ್ಕು ವರ್ಷ ಹೊತ್ತು ಮೀರಿ ಬಂದವರು ಮತ್ತೆಂದೂ ಪಂದ್ಯಕ್ಕೆ ನಿಲ್ಲುವಂತಿಲ್ಲ. ಕಾಯುವವರಿಗೂ ಮನೆಮಠ ಇರುತ್ತದಲ್ಲ.

ಇದು ನಾಲ್ಕನೇ ವರ್ಷ.

ಈ ಸಲ ಸಣ್ಣಮ್ಮ ತಾನೇ ನಿಂತು ಗಂಡನನ್ನು ಪಳಗಿಸಿದಳು. ಆರು ತಿಂಗಳು. ದಿನಾ ಬೆಳಗ್ಗೆ ಅವನನ್ನು ಕೊಳಕ್ಕೆ ಇಳಿಸಿ ದಡದ ಮೇಲೆ ಕೂರುತ್ತಿದ್ದಳು.

"ನಿಮ್ಮ ಮುಳ್ಳು ಟೊಳ್ಳು, ರೀ. ಕೆದರಿಕೊಂಡು ನೀರಿಗೆ ಬಿದ್ದರೆ ಸಾಕು, ಅವೇ ನಿಮ್ಮನ್ನ ತೇಲಿಸ್ತವೆ. ನೀವು ಬರೀ ಕಾಲು ಆಡಿಸಿ."

ಹಾಗೇ ಆಯಿತು. ಬೋರಣ್ಣ ತೇಲಿದ.

ಗರಿಯನ್ನೂ ಅವಳೇ ಆರಿಸಿದಳು. ಎರಡು ತಿಂಗಳು ಗಾಳಿಗೆ ತೂಗುಹಾಕಿ ಹಗುರಾಗುವಂತೆ ಒಣಗಿಸಿದಳು. ತಾಳೆಗರಿಯ ದಂಟಿನ ಅಂಚಿಗೆ ಗರಗಸದಂಥ ಹಲ್ಲುಗಳಿರುತ್ತವೆ. ಬೋರಣ್ಣ ಅವನ್ನೆಲ್ಲ ಐದು ದಿನ ಕೂತು ಕಡಿದು ನುಣ್ಣಗೆ ಮಾಡಿದ. ಓಟಕ್ಕೆ ಸಣ್ಣಮ್ಮ ಒಂದು ಲೆಕ್ಕ ಕೊಟ್ಟಿದ್ದಳು: ನೂರು ಹೆಜ್ಜೆ ಓಟ, ಇಪ್ಪತ್ತು ಹೆಜ್ಜೆ ನಡಿಗೆ. ಊಟಕ್ಕೆ ಎರಡು ತುಂಡು ಗೆಣಸು, ಹೆಚ್ಚಿಲ್ಲ, ಕಡಿಮೆಯಿಲ್ಲ.

ಪಂದ್ಯಕ್ಕೆ ಎಂಟು ದಿನ ಇರುವಾಗ ಬೋರಣ್ಣ ಇಡೀ ದಾರಿಯನ್ನು ಒಮ್ಮೆ ಮುಗಿಸಿ ನೋಡಿದ. ಆಲದ ಬುಡ ಮುಟ್ಟಿದಾಗ ನೆರಳು ಹುತ್ತಕ್ಕೆ ಇನ್ನೂ ಒಂದು ಗೇಣು ದೂರವಿತ್ತು.

ಸಣ್ಣಮ್ಮ ಆ ಒಂದು ಗೇಣನ್ನು ಎರಡು ಸಲ ಅಳೆದು ನೋಡಿದಳು. "ಆಯ್ತಲ್ಲ! ಪಂದ್ಯದ ದಿನ ಇದನ್ನೇ ಇನ್ನೊಂದು ಸಲ ಮಾಡಿ. ಹೊಸದೇನೂ ಬೇಡ."

"ಹೊಸದು ಯಾಕೆ ಮಾಡ್ಲಿ? ನನಗೇನು ತಲೆ ಕೆಟ್ಟಿದೆಯಾ?" ಎಂದ ಬೋರಣ್ಣ.

ಪಂದ್ಯದ ಬೆಳಗ್ಗೆ ಸಣ್ಣಮ್ಮ ಒಣಗರಿಯನ್ನು ಎಳೆದುಕೊಂಡು ಆಚೆ ದಡಕ್ಕೆ ಹೋದಳು. ಬೋರಣ್ಣ ಈಚೆ ದಡದಲ್ಲಿ ಒಬ್ಬನೇ ಉಳಿದ. ಹೆಚ್ಚು ಹೊತ್ತೇನಲ್ಲ, ಅರ್ಧ ಗಳಿಗೆ. ಅಷ್ಟು ಸಾಕಾಯಿತು.

ಕೊಳದಂಚಿನ ಕೆಸರಿನಲ್ಲಿ ಕೊಕ್ಕರೆ ಮೇಷ್ಟ್ರು ಒಂಟಿ ಕಾಲಿನಲ್ಲಿ ನಿಂತಿದ್ದರು. ಅವರು ಹುಟ್ಟಿದಾಗಿನಿಂದ ಮೊಣಕಾಲಿಗಿಂತ ಹೆಚ್ಚಿನ ನೀರನ್ನು ಕಂಡವರಲ್ಲ.

"ಏನಪ್ಪಾ ಬೋರಣ್ಣ, ಮುಳ್ಳನ್ನ ಹೀಗೇ ಕೆದರಿಕೊಂಡು ಈಜ್ತೀಯಾ?"

"ಹೌದು ಮೇಷ್ಟ್ರೇ. ಯಾಕೆ?"

"ಯಾಕೆ ಅಂತ ಕೇಳ್ತಾನೆ! ಮೀನನ್ನ ನೋಡಿದ್ದೀಯಾ? ಎಷ್ಟು ನುಣ್ಣಗಿರುತ್ತೆ! ಎಲ್ಲಾದರೂ ಮುಳ್ಳು ಕೆದರಿಕೊಂಡ ಮೀನು ಉಂಟಾ? ಮುಳ್ಳಿಗೆ ಸಿಕ್ಕಿ ನೀರೆಲ್ಲ ನಿನ್ನನ್ನ ಹಿಂದಕ್ಕೆ ಎಳೆಯುತ್ತೆ. ಅಗೋ, ಆ ಹಲಸಿನ ಮರದಲ್ಲಿ ಮೇಣ ಸುರೀತಿದೆ. ಮುಳ್ಳನ್ನೆಲ್ಲ ಮಡಚಿ ಮೈಗೆ ಅಂಟಿಸಿಕೋ. ಬಾಣ ಹೋದ ಹಾಗೆ ಹೋಗ್ತೀಯ."

"ಆದರೆ ನಮ್ಮ ಸಣ್ಣಿ..."

"ಅವಳಿಗೆ ನೀರಿನ ವಿಷಯ ಏನು ಗೊತ್ತು? ನಾನು ದಿನಾ ನೀರಲ್ಲೇ ನಿಂತಿರೋನು."

ಮಕ್ಕಳೇ, ಆರು ತಿಂಗಳು ಈಜಿದವನು ಬೋರಣ್ಣ. ತೇಲಿದವನೂ ಬೋರಣ್ಣ. ಆದರೂ ಅವನು ಹೋಗಿ ಹಲಸಿನ ಮರಕ್ಕೆ ಮೈ ಉಜ್ಜಿಕೊಂಡ. ಯಾಕೆ ಅಂತ ನನ್ನನ್ನು ಕೇಳಬೇಡಿ.

ಮುಸುವಜ್ಜಿಯ ಮೊಮ್ಮಗ ಕೂಗು ಹಾಕಿದ. ಎಲ್ಲರೂ ನೀರಿಗೆ ಬಿದ್ದರು. ಬೋರಣ್ಣನೂ ಬಿದ್ದ, ಬಿದ್ದವನು ಕಲ್ಲಿನಂತೆ ಕೆಳಗೆ ಹೋದ. ಮೇಲೆ ಬಂದು ಕೆಮ್ಮಿದ. ಮತ್ತೆ ಕೆಳಗೆ ಹೋದ. ಮೂಗಿನ ತುದಿಯೊಂದನ್ನೇ ನೀರಿನ ಮೇಲಿಟ್ಟುಕೊಂಡು, ಕೊಳದ ಕಾಲು ಪಾಲು ನೀರು ಕುಡಿದು, ಅವನು ಆಚೆ ದಡ ಸೇರುವ ಹೊತ್ತಿಗೆ ಎಲ್ಲರೂ ಜಾರಿ ಹೋಗಿಯಾಗಿತ್ತು. ಅವನ ಹಿಂದೆ ಉಳಿದವಳು ಚಿಪ್ಪುಹಂದಿ ತಿಮ್ಮಕ್ಕ ಒಬ್ಬಳೇ. ಅವಳು ಎಲ್ಲವನ್ನೂ ನಿಧಾನವಾಗಿ ಮಾಡುವವಳು.

ದಡದಲ್ಲಿ ಸಣ್ಣಮ್ಮ ಗಂಡನನ್ನು ನೋಡಿ ಬೆಚ್ಚಿದಳು.

"ರೀ! ಮುಳ್ಳೆಲ್ಲಿ ಹೋಯ್ತು?"

"ಇದೆ. ಅಂಟಿಸಿದ್ದೀನಿ."

"ಅಂಟಿಸಿದ್ದೀರಾ?"

"ಮೇಷ್ಟ್ರು ಹೇಳಿದ್ರು."

ಸಣ್ಣಮ್ಮ ಕಣ್ಣು ಮುಚ್ಚಿ ತೆರೆದಳು. "ಆಗಿದ್ದಾಯ್ತು. ಹೊತ್ತಿದೆ ಇನ್ನೂ. ಗರಿ ಹಿಡೀರಿ, ಕೂತ್ಕೊಳ್ಳಿ."

ಅಷ್ಟರಲ್ಲಿ ಪಕ್ಕದ ಬಂಡೆಯ ಮೇಲಿಂದ ನವಿಲು ರಂಗಯ್ಯ ಕತ್ತು ಚಾಚಿದ. ಅವನ ಕಾಲಬಳಿ ಅಂದೇ ಕಡಿದ, ಹಸಿರಾದ, ಮಿರಮಿರನೆ ಮಿಂಚುವ ತಾಳೆಗರಿಯೊಂದು ಬಿದ್ದಿತ್ತು.

"ಅಯ್ಯೋ, ಈ ಒಣಕಲು ಗರಿ ಮೇಲಾ? ಬೋರಣ್ಣ, ನಿನ್ನಂಥವನಿಗೆ ಇದು ಶೋಭೆಯಲ್ಲಪ್ಪ. ಇದನ್ನ ತಗೋ. ಹೊಚ್ಚ ಹೊಸದು. ತೂಕ ಇದೆ. ತೂಕ ಇದ್ದದ್ದು ಬೇಗ ಕೆಳಗೆ ಹೋಗುತ್ತೋ ಇಲ್ವೋ?"

"ಹೋಗುತ್ತೆ," ಎಂದ ಬೋರಣ್ಣ. ಈಗಷ್ಟೇ ಕೊಳದಲ್ಲಿ ಅದನ್ನು ಕಂಡುಕೊಂಡು ಬಂದಿದ್ದ.

ಸಣ್ಣಮ್ಮ ನವಿಲಿನ ಕಡೆಗೆ ತಿರುಗಿದಳು. "ತಾವು ಎಷ್ಟು ಸಲ ಜಾರಿದ್ದೀರಿ?"

"ನಾನಾ? ನಾನೇಕಮ್ಮ ಜಾರಲಿ? ನನಗೆ ರೆಕ್ಕೆ ಇದೆ."

"ಕೇಳಿಸ್ತೇನ್ರೀ?" ಎಂದಳು ಸಣ್ಣಮ್ಮ.

ಬೋರಣ್ಣನಿಗೆ ಕೇಳಿಸಿತ್ತು. ಆದರೆ ಅವನಾಗಲೇ ಹಸಿಗರಿಯ ಮೇಲೆ ಕುಳಿತಿದ್ದ.

ಹಸಿಗರಿ ಹತ್ತು ಮಾರು ಜಾರಿತು, ನಿಂತಿತು. ಬೋರಣ್ಣ ಕಾಲಿನಿಂದ ತಳ್ಳಿದ. ಐದು ಮಾರು ಜಾರಿತು, ಅಡ್ಡ ತಿರುಗಿತು. ದಂಟಿನ ಗರಗಸದ ಹಲ್ಲು ಅವನ ಎರಡೂ ಅಂಗೈಗಳನ್ನು ಗೀರಿತು. ಹಿಂದಿನಿಂದ ಸರ್ರನೆ ಏನೋ ಬಂದ ಸದ್ದಾಯಿತು. ತಿರುಗಿ ನೋಡಿದರೆ, ಸಣ್ಣಮ್ಮ. ಒಣಗರಿಯ ಮೇಲೆ ತಾನೇ ಕುಳಿತು, ನುಣುಪಾದ ದಂಟನ್ನು ಹಿಡಿದು, ಗಂಡನ ಪಕ್ಕದಲ್ಲೇ ಗಾಳಿಯಂತೆ ಹಾದುಹೋದಳು. ಅವಳು ಬುಡದಲ್ಲಿ ನಿಂತು, ಮೈಮೇಲಿನ ಹುಲ್ಲು ಕೊಡವಿಕೊಂಡು, ಸಾಕಷ್ಟು ಹೊತ್ತು ಕಾದ ಮೇಲೆ ಬೋರಣ್ಣ ಬಂದು ತಲುಪಿದ.

ಎದ್ದ. ಗರಿಯೂ ಎದ್ದಿತು. ಹಲಸಿನ ಮೇಣಕ್ಕೆ ಅದು ಕಚ್ಚಿಕೊಂಡುಬಿಟ್ಟಿತ್ತು. ಸಣ್ಣಮ್ಮ ಎಳೆದಳು, ಬೋರಣ್ಣ ಅರಚಿದ, ಗರಿ ಬರಲಿಲ್ಲ.

"ಇರಲಿ ಬಿಡಿ. ಹೊತ್ಕೊಂಡೇ ಓಡಿ," ಎಂದಳು ಸಣ್ಣಮ್ಮ. "ನೂರು ಓಟ, ಇಪ್ಪತ್ತು ನಡಿಗೆ. ತಗೊಳ್ಳಿ ಗೆಣಸು."

ಬೋರಣ್ಣ ಗೆಣಸಿಗೆ ಕೈ ಚಾಚಿದ. ಆಗ ಕರಡಿ ಜಾಂಬಯ್ಯ ಪೊದೆಯಿಂದ ಹೊರಬಂದ. ಪಂದ್ಯದ ದಿನ ಅವನು ಅಲ್ಲಿ ಓಟಗಾರರಿಗೆಂದು ಜೇನು ಇಟ್ಟುಕೊಂಡು ಕೂರುತ್ತಿದ್ದ. ಮುಕ್ಕಾಲು ಪಾಲನ್ನು ತಾನೇ ತಿನ್ನುತ್ತಿದ್ದ.

"ಗೆಣಸಾ? ಗೆಣಸು ತಿಂದು ಯಾರಾದರೂ ಓಡ್ತಾರೇನೋ, ತಮ್ಮಾ? ಜೇನು ತಿನ್ನು. ಮೇಲೊಂದಿಷ್ಟು ನೆಲ್ಲಿಕಾಯಿ. ಆಮೇಲೆ ನಾಲ್ಕು ಬೊಗಸೆ ನೀರು. ಕಾಲಿಗೆ ರೆಕ್ಕೆ ಬರುತ್ತೆ."

"ನಾನು ಯಾವತ್ತೂ ತಿಂದಿಲ್ಲವಲ್ಲ, ಜಾಂಬಣ್ಣ."

"ಅದಕ್ಕೇ ಮೂರು ವರ್ಷದಿಂದ ಹೀಗಾಗಿರೋದು."

ಈ ಮಾತು ಬೋರಣ್ಣನಿಗೆ ಬಹಳ ಸರಿ ಎನಿಸಿತು. ಸಣ್ಣಮ್ಮ ಬಾಯಿ ತೆರೆಯುವುದರೊಳಗೆ ಅವನು ಮೂರು ಹಿಡಿ ಜೇನು, ಏಳು ನೆಲ್ಲಿಕಾಯಿ ನುಂಗಿ, ನೀರು ಕುಡಿದಾಗಿತ್ತು. ಸಣ್ಣಮ್ಮ ಎರಡು ತುಂಡು ಗೆಣಸನ್ನು ತಾನೇ ತಿಂದು, ಅಡ್ಡದಾರಿ ಹಿಡಿದು ಆಲದ ಮರದ ಕಡೆಗೆ ನಡೆದಳು.

ಜೇನು ಮತ್ತು ನೆಲ್ಲಿಕಾಯಿ ಇನ್ನೂರು ಹೆಜ್ಜೆಯವರೆಗೆ ಸುಮ್ಮನಿದ್ದವು. ಆಮೇಲೆ ಬೋರಣ್ಣ ಒಂದು ಪೊದೆಯ ಹಿಂದೆ ಓಡಬೇಕಾಯಿತು. ಹೊರಬಂದು ಐವತ್ತು ಹೆಜ್ಜೆ ಹೋದ. ಇನ್ನೊಂದು ಪೊದೆ ಬೇಕಾಯಿತು. ಮೂರನೇ ಪೊದೆಯಿಂದ ಅವನು ತಲೆ ಹೊರಹಾಕಿದಾಗ ತಿಮ್ಮಕ್ಕ ಅದೇ ದಾರಿಯಲ್ಲಿ ನಡೆದು ಬರುತ್ತಿದ್ದಳು.

"ಏನಣ್ಣಾ, ಬೆನ್ನ ಮೇಲೆ ಏನು?"

"ಗರಿ."

"ಮನೆಯ ಮಾಡಿಗೆ ಹೊದಿಸೋಕಾ?"

"ಅಲ್ಲ, ತಿಮ್ಮಕ್ಕಾ. ಅದೊಂದು ದೊಡ್ಡ ಕತೆ."

"ಸರಿ, ಇನ್ನೊಂದು ದಿನ ಹೇಳು," ಎಂದು ತಿಮ್ಮಕ್ಕ ನಿಲ್ಲದೆ ಮುಂದೆ ಹೋದಳು.

ಆದರೂ ನೋಡಿ, ಆರು ತಿಂಗಳ ಅಭ್ಯಾಸ ಸುಮ್ಮನೆ ಹೋಗುವುದಿಲ್ಲ. ಹೊಟ್ಟೆ ಖಾಲಿಯಾದ ಮೇಲೆ ಬೋರಣ್ಣನ ಕಾಲುಗಳಿಗೆ ತಮ್ಮ ಕೆಲಸ ನೆನಪಾಯಿತು. ನೂರು ಹೆಜ್ಜೆ ಓಟ, ಇಪ್ಪತ್ತು ನಡಿಗೆ. ನೂರು ಓಟ, ಇಪ್ಪತ್ತು ನಡಿಗೆ. ಬೆನ್ನ ಮೇಲೆ ಗರಿ ಪಟಪಟ ಬಡಿಯುತ್ತಿತ್ತು. ಅಂಗೈ ಉರಿಯುತ್ತಿತ್ತು. ಬಯಲು ಹಿಂದೆ ಬಿತ್ತು. ಮುಂದೆ ತಿಮ್ಮಕ್ಕ ಆಲದ ಬುಡ ಮುಟ್ಟಿದಳು. "ತಿಮ್ಮಕ್ಕಾ!" ಎಂದು ಮುಸುವಜ್ಜಿ ಮೂರು ಸಲ ಕೂಗಿದಳು. "ಓಯ್! ಓಯ್! ಓಯ್!" ಎಂದಿತು ಕಾಡು.

ಬೋರಣ್ಣ ಕಲ್ಲಿನ ನೆರಳನ್ನು ನೋಡಿದ. ಅದಕ್ಕೂ ಹುತ್ತಕ್ಕೂ ನಡುವೆ ಇನ್ನೂ ಎರಡು ಬೆರಳು ಬಿಸಿಲಿತ್ತು. ಅವನಿಗೂ ಆಲಕ್ಕೂ ನಡುವೆ ಹತ್ತೇ ಹೆಜ್ಜೆ. ಸಣ್ಣಮ್ಮ ಮರದ ಕೆಳಗೆ ನಿಂತು, "ಬನ್ನಿ ರೀ! ಬನ್ನಿ!" ಎಂದು ಕುಣಿಯುತ್ತಿದ್ದಳು. ಮುಸುವಜ್ಜಿ ಗಂಟಲು ಸರಿಮಾಡಿಕೊಂಡಳು.

"ನಿಲ್ಲು, ನಿಲ್ಲು!"

ದಾರಿಯ ಪಕ್ಕದ ಕಡ್ಡಿಯ ಮೇಲೆ ಒಂದು ಊಸರವಳ್ಳಿ ಕುಳಿತಿತ್ತು.

"ನಾಲ್ಕು ವರ್ಷ ಕಾದ ಮೇಲೆ ಬರ್ತಿರೋ ಗಳಿಗೆ. ಇಂಥ ಹೊತ್ತಲ್ಲಿ ಯಾವ ಕಾಲು ಮೊದಲು ಇಡ್ಬೇಕು ಅಂತ ಗೊತ್ತಾ?"

ಮಕ್ಕಳೇ, ಬೋರಣ್ಣ ನಿಂತ.

"ಯಾವುದು?"

"ಬಲಗಾಲು. ಶುಭಕಾರ್ಯಕ್ಕೆ ಬಲಗಾಲೇ ಮೊದಲು."

ಬೋರಣ್ಣ ತನ್ನ ಕಾಲುಗಳನ್ನು ನೋಡಿಕೊಂಡ. ಬಲಗಡೆ ಎರಡಿದ್ದವು.

"ಮುಂದಿನ ಬಲಗಾಲೋ, ಹಿಂದಿನ ಬಲಗಾಲೋ?"

ಇದು ಊಸರವಳ್ಳಿಗೂ ಗೊತ್ತಿರಲಿಲ್ಲ. ಅದು ಒಂದು ಕಣ್ಣನ್ನು ಮುಂದಿನ ಕಾಲಿನ ಮೇಲೆ, ಇನ್ನೊಂದು ಕಣ್ಣನ್ನು ಹಿಂದಿನ ಕಾಲಿನ ಮೇಲೆ ಇಟ್ಟು ಯೋಚಿಸಿತು. ಹಸಿರಾಯಿತು. ಹಳದಿಯಾಯಿತು. ಮತ್ತೆ ಹಸಿರಾಯಿತು.

"ರೀ!" ಎಂದು ಸಣ್ಣಮ್ಮ ಕಿರುಚಿದಳು.

ಬೋರಣ್ಣ ಬೆಚ್ಚಿಬಿದ್ದು, ಯಾವ ಕಾಲೆಂದು ನೋಡದೆ, ಓಡಿದ. ಹತ್ತು ಹೆಜ್ಜೆ. ಆಲದ ಬುಡಕ್ಕೆ ಕೈ ಬಡಿದು ಮೇಲೆ ನೋಡಿದ.

ಮುಸುವಜ್ಜಿ ಅವನನ್ನು ನೋಡಲಿಲ್ಲ. ಹುತ್ತವನ್ನು ನೋಡುತ್ತಿದ್ದಳು. ನೆರಳಿನ ತುದಿ ಹುತ್ತವನ್ನು ಮುಟ್ಟಿತ್ತು.

"ಕೂಗೋಕೆ ಬಾಯಿ ತೆರೆದಿದ್ದೆ ಕಣೋ," ಎಂದಳು ಅಜ್ಜಿ. ಆಮೇಲೆ ಕೊಂಬೆಯಿಂದ ಕೊಂಬೆಗೆ ಇಳಿದು ಹೊರಟುಹೋದಳು.

ಸ್ವಲ್ಪ ಹೊತ್ತಿನಲ್ಲಿ ಉಳಿದವರೂ ಬಂದು ಸೇರಿದರು.

"ಮೇಣ ತೆಳ್ಳಗಾಯ್ತು," ಎಂದರು ಕೊಕ್ಕರೆ ಮೇಷ್ಟ್ರು. "ಇನ್ನೂ ಎರಡು ಪದರ ಬಳೀಬೇಕಿತ್ತು."

"ಕೂತ ಭಂಗಿಯೇ ಸರಿ ಇರಲಿಲ್ಲ," ಎಂದ ನವಿಲು ರಂಗಯ್ಯ.

"ಇನ್ನೊಂದು ಹಿಡಿ ತಿಂದಿದ್ದರೆ ಆಗಿಹೋಗ್ತಿತ್ತು, ತಮ್ಮಾ," ಎಂದ ಜಾಂಬಯ್ಯ.

ಊಸರವಳ್ಳಿ ಮಾತ್ರ ಇನ್ನೂ ಅಲ್ಲೇ ಕುಳಿತು ಯೋಚಿಸುತ್ತಿತ್ತು.

ಎಲ್ಲರೂ ಹೇಳಬೇಕಾದ್ದನ್ನು ಹೇಳಿ ಹೋದ ಮೇಲೆ ಗಂಡ ಹೆಂಡತಿ ಇಬ್ಬರೇ ಉಳಿದರು. ಸಣ್ಣಮ್ಮ ಬೈಯಲಿಲ್ಲ. ಗಂಡನ ಬೆನ್ನಿನ ಮೇಣವನ್ನು ಒಂದೊಂದೇ ಮುಳ್ಳಿನಿಂದ ಬಿಡಿಸತೊಡಗಿದಳು. ಬೋರಣ್ಣ ಹುತ್ತವನ್ನೇ ನೋಡುತ್ತಿದ್ದ. ಕೊನೆಗೆ ಮೆಲ್ಲಗೆ ಕೇಳಿದ:

"ಸಣ್ಣೀ, ಈಗ ಅಳಬಹುದಾ?"

ಸಣ್ಣಮ್ಮನ ಕೈ ನಿಂತಿತು.

"ಅದನ್ನೂ ಯಾರನ್ನಾದರೂ ಕೇಳ್ಬೇಕೇನ್ರೀ?" ಎಂದಳು.

ನೀತಿ: ಕಲಿತದ್ದನ್ನು ಪಂದ್ಯದ ದಿನ ಬದಲಿಸಬೇಡ, ಊರೆಲ್ಲರ ಮಾತು ಕೇಳುವವನ ಕಾಲು ಅವನ ಮಾತು ಕೇಳುವುದಿಲ್ಲ.